ತವರಿನ ಹೊಸ್ತಿಲು, ನಮ್ಮವರ ಲೇಥು

ಬೇರೆ ಗಂಡಸರು ರಿಟೈರ್ ಆದರೆ ವಾಕಿಂಗ್ ಹೋಗುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ನಮ್ಮವರು ಮಾತ್ರ ಜಮಖಂಡಿಯ ನಮ್ಮ ಮನೆಯ ಹಿಂದಿನ ಪಡಸಾಲೆಗೆ ಕಟ್ಟಿಗೆ ತಿರುಗಿಸಿ ಕಡೆಯುವ ಲೇಥ್ ಯಂತ್ರ ತಂದು ಹಾಕಿ, ಪೆಪ್ಪರ್ ಗ್ರೈಂಡರ್ ಕಡೆಯಲು ಕೂತರು. ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಟೇಬಲ್ಲಿನ ಮೇಲೆ ಅಂಥದ್ದೊಂದು ಇರುತ್ತಿತ್ತು. ಕತ್ತು ತಿರುವಿದರೆ ಕರಿಮೆಣಸಿನ ಪುಡಿ ಉದುರಿಸುವ ಆ ಪುಟ್ಟ ಕಟ್ಟಿಗೆಯ ಗೋಪುರದ ಬಗ್ಗೆ ನಾನೇ ಯಾವಾಗಲೋ ಹೇಳಿದ್ದೆನಂತೆ.

ಲೇಥ್ ಬಂದಂದಿನಿಂದ ರೊಟ್ಟಿಯ ಹಿಟ್ಟಿನಲ್ಲೂ ಕಟ್ಟಿಗೆಯ ಪುಡಿ. ಕಟ್ಟಿಗೆಯ ಸೀಳಿಗೆ ಹೊಯ್ಯುವ ರೆಸಿನ್ ಎಂಬ ಅಂಟು ದ್ರವಕ್ಕೆ ಹಾರ್ಡನರ್ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುತ್ತದೆ. ಅದನ್ನು ಕಲಸಿದ್ದು ನನ್ನ ಪುಡ್ಡಿಂಗ್ ಬೌಲಿನಲ್ಲಿ. ಬೌಲಿನ ಕಥೆ ಅಲ್ಲಿಗೆ ಮುಗಿಯಿತು. ರಬಕವಿಯ ಬೀಗರಿಗೆ ಗ್ರೈಂಡರ್ ಗಿಫ್ಟ್ ಕೊಟ್ಟರೆ ಅವರು ಅದರೊಳಗೆ ಅಗಸಿ ಹಿಂಡಿ ಎಂಬ ಚಟ್ನಿಪುಡಿ ತುಂಬಿ, "ತಿರಗವಲ್ದ್ರಿ ಇದು" ಎಂದು ಫೋನ್ ಮಾಡಿದರು.

ಇಷ್ಟಾದರೂ ಕೊನೆಗೆ ನನಗೂ ಒಂದು ಗ್ರೈಂಡರ್ ಮಾಡಿಕೊಡಿ ಎಂದು ನಾನೇ ಕೇಳಿದೆ.

ಬೀಳಗಿ ಕಡೆ ಇದ್ದ ನನ್ನ ತವರೂರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಊರು ಬಿಡುವಾಗ ಜನ ಬಾಗಿಲು, ತೊಲೆಗಳನ್ನೆಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ನನ್ನ ತಮ್ಮ ಹೊಸ್ತಿಲನ್ನೂ ಬಿಡಲಿಲ್ಲ. ಆದರೆ ಹೊಸ ಮನೆಗೆ ಕಲ್ಲಿನ ಹೊಸ್ತಿಲು ಬಂತು. ಹಳೆಯದು ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದು ಅರ್ಧ ಗೆದ್ದಲಿಗೆ ಹೋದ ಮೇಲೆ, ಉಳಿದದ್ದನ್ನು ತಮ್ಮ ನನಗೆ ತಂದುಕೊಟ್ಟ. "ಅಕ್ಕಾ, ನೀನಽ ಇಟಗೊ. ನಮ್ಮಲ್ಲಿದ್ರ ಒಲಿಗೆ ಹೋಗತೈತಿ."

ದಿನಾ ಕೈಗೆ ಸಿಗುವ ಒಂದು ವಸ್ತುವಾದರೂ ಅದರಿಂದ ಆಗಲಿ ಎನ್ನುವುದಷ್ಟೇ ನನ್ನ ಆಸೆ. ಹೊಸ್ತಿಲಿನಿಂದ ಗ್ರೈಂಡರಿಗೆ ಸಾಲುವಂಥ ಎರಡು ತುಂಡು ಬಂದವು, ಎರಡರಲ್ಲೂ ಸೀಳು. ಮೊದಲನೆಯದರ ಸೀಳಿಗೆ ನಮ್ಮವರು ನೀಲಿ ರೆಸಿನ್ ಹೊಯ್ದು ಕೂತಿದ್ದರು.

"ಇದೇನ್ರೀ, ನೀಲಿ?"

"ಕೃಷ್ಣಾ ನದಿ! ಸಿಂಬಾಲಿಕ್ ಆಗಿ ಇರಲಿ ಅಂತ. ಯೂಟ್ಯೂಬ್‌ನಾಗ ಎಲ್ಲಾರೂ ಹಿಂಗಽ ಮಾಡತಾರ."

"ಫಾರ್ ಹೆವನ್ಸ್ ಸೇಕ್! ಮನಿ ಮುಳಗಿದ್ದಽ ಆ ನೀರಾಗ. ಅದಽ ನೀರು ತಂದು ಹೊಸ್ತಲದಾಗ ಹೊಯ್ದೀರಲ್ಲ, ತಲಿ ಐತೇನ್ರೀ ನಿಮಗ?"

"ಒಣಗಲಿ ತಡಿ. ಛಂದ ಕಾಣತೈತಿ."

ಒಣಗಿತು. ಲೇಥಿಗೆ ಏರಿಸಿ ಉಳಿ ಮುಟ್ಟಿಸಿದ್ದೇ ತಡ, ನೀಲಿಯೆಲ್ಲ ಒಂದೇ ಚಕ್ಕೆಯಾಗಿ ಕಿತ್ತು ಹೋಗಿ ಗೋಡೆಗೆ ಬಡಿಯಿತು. ಕಟ್ಟಿಗೆ ಎರಡು ಹೋಳಾಯಿತು. ಇವರು ಹೋಳಿನ ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿ, "ಎಣ್ಣಿ" ಎಂದರು.

ಅಲ್ಲದೆ ಮತ್ತೇನು? ಪ್ರತಿ ಶುಕ್ರವಾರ ನಮ್ಮವ್ವ ಹೊಸ್ತಿಲು ತೊಳೆದು, ಎಣ್ಣೆ ಅರಿಷಿಣ ತಿಕ್ಕಿ, ಕುಂಕುಮ ಇಡುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅತ್ತೆ. ಅಷ್ಟೂ ಎಣ್ಣೆ ಕುಡಿದ ಕಟ್ಟಿಗೆಗೆ ರೆಸಿನ್ ಎಲ್ಲಿ ಹಿಡಿಯಬೇಕು? ಅಳಿಯನಾಗಿ ಎಷ್ಟೋ ಸಲ ಅದನ್ನೇ ದಾಟಿ ಒಳಗೆ ಹೋಗಿ ಹೋಳಿಗೆ ಉಂಡ ಮನುಷ್ಯನಿಗೆ ಅದು ನೆನಪಾಗಲಿಲ್ಲ. ನನಗಾದರೂ ಎಲ್ಲಿ ನೆನಪಾಗಿತ್ತು, ಆ ಮಾತು ಬೇರೆ.

"ಇನ್ನೊಂದು ತುಂಡನ್ನ ಥಿನ್ನರ್‌ನಾಗ ನೆನಸೂಣು. ಎಣ್ಣಿ ಎಲ್ಲಾ ಬಿಟ್ಟ ಹೋಗತೈತಿ" ಎಂದು ಡಬ್ಬಿ ಎತ್ತಿಕೊಂಡರು.

"ಎಣ್ಣಿ ಬಿಟ್ಟ ಮ್ಯಾಲ ಅದರಾಗ ನಮ್ಮವ್ವಂದು ಏನ್ ಉಳೀತೈತ್ರಿ? ಅಂಥಾ ಕಟಗಿ ಅಡ್ಡೆದಾಗ ರಗಡ ಸಿಗತೈತಿ, ಹೋಗಿ ತಗೊಂಡ ಬರ್ರಿ."

"ಸೀಳು ಹಂಗಽ ಬಿಟ್ಟು ತಿರಗಿಸಿದ್ರ ಇದೂ ಒಡೀತೈತಿ ನೋಡು."

"ಒಡದ್ರ ಒಡೀಲಿ. ತೊಳ್ಯಾಕ ಮಾತ್ರ ಕೊಡಂಗಿಲ್ಲ."

ಇವರ ಮೇಲೆ ನಂಬಿಕೆ ಇಲ್ಲದೆ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಗೊಣಗುತ್ತಲೇ, ಆದರೆ ಮೆಲ್ಲಗೆ, ಕೂದಲೆಳೆಯಷ್ಟೇ ಕಡೆಯುತ್ತಾ ಹೋದರು. ಕಟ್ಟಿಗೆ ಬಿಸಿಯಾದಂತೆ ಪಡಸಾಲೆಯ ತುಂಬ ಅರಿಷಿಣದ ವಾಸನೆ ಎದ್ದಿತು. ನಮ್ಮವರು ಲೇಥ್ ನಿಲ್ಲಿಸಿ ಒಂದು ಗಳಿಗೆ ನನ್ನ ಕಡೆ ನೋಡಿದರು. "ಹೂಂ, ನಡೀಲಿ" ಎಂದೆ.

ಒಡೆಯಲಿಲ್ಲ. ಗ್ರೈಂಡರಿನ ಹೆಗಲಿನಿಂದ ಬುಡದವರೆಗೆ ಸೀಳು ಮಾತ್ರ ಹಾಗೇ ಉಳಿಯಿತು.

ತಮ್ಮ ಬಂದಾಗ ಸೌತೆಕಾಯಿ ಹೆಚ್ಚಿ ಮುಂದಿಟ್ಟೆ. ಅವನು ಗ್ರೈಂಡರನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದ. "ಅಕ್ಕಾ, ತಾಟಿನ್ಯಾಗ ಬೀಳೂದಕ್ಕಿಂತ ಬಗಲಾಗಽ ಭಾಳ ಸೋರತೈತಲ್ಲ ಬೇ!"

"ನಾ ಹೇಳಿರಲಿಲ್ಲೇನು?" ನಮ್ಮವರು ಕುರ್ಚಿಯಿಂದ ಅರ್ಧ ಎದ್ದರು. "ಒಂದಽ ಹನಿ ರೆಸಿನ್..."

"ಮುಟ್ಟಿ ನೋಡ್ರಿ!" ಎಂದು ಕಣ್ಣು ಬಿಟ್ಟೆ.

ಕೂತರು. ತಮ್ಮ ಟೇಬಲ್ಲಿನ ಮೇಲೆ ಸೋರಿದ್ದ ಪುಡಿಯನ್ನೆಲ್ಲ ಸೌತೆ ಹೋಳಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಮತ್ತೆ ತಿರುವಿದ.