ತಮ್ಮನ ಫೋಟೋಗೆ ಹಾಕಿದ ಹಾರ

ಪಿತೃಪಕ್ಷ ಬಂತೆಂದು ಮಗಳು ಬೆಳಿಗ್ಗೆಯೇ ಸ್ಟೂಲು ಹತ್ತಿ, ಬಾಗಿಲ ಮೇಲಿದ್ದ ನಮ್ಮಪ್ಪನ ಫೋಟೋ ಇಳಿಸಿದಳು. ಅದಕ್ಕೆ ಹಾಕಿದ್ದ ಗಂಧದ ಹಾರ ತೆಗೆದು, "ಹಿಡ್ಕೋಮ್ಮ, ಧೂಳು" ಅಂತ ನನ್ನ ಕೈಗೆ ಕೊಟ್ಟಳು.

ಗಂಧದ ಚಕ್ಕೆ ಸುರುಳಿ ಮಾಡಿ ಪೋಣಿಸಿದ ಇಂಥ ಹಾರ ನಿಮ್ಮ ಮನೆಯಲ್ಲೂ ಒಂದು ಇದ್ದೀತು. ವರ್ಷ ಕಳೆದಂತೆ ಅದರಲ್ಲಿ ಗಂಧಕ್ಕಿಂತ ಧೂಳಿನ ವಾಸನೆಯೇ ಹೆಚ್ಚು. ಆದರೂ ಕೈಯ ಬಿಸಿ ತಗುಲಿದರೆ ಒಳಗಿನಿಂದ ಒಂದಿಷ್ಟು ಗಂಧ ಎದ್ದು ಬರುತ್ತದೆ. ಹಾಗೆ ಎದ್ದು ಬಂದ ಕೂಡಲೇ ನಾನು ಹಾರವನ್ನು ನೆಲಕ್ಕೆ ಹಾಕಿಬಿಟ್ಟೆ.

"ಹಾರ ಕಣಮ್ಮ, ಕಚ್ಚಲ್ಲ" ಅಂತ ಮಗಳು ನಕ್ಕಳು. ನಾನೂ ನಕ್ಕೆ. ನಕ್ಕದ್ದು ಬಾಯಿ ಮಾತ್ರ. ಈ ಹಾರ ಕಂಡರೆ ನನಗೆ ಹೀಗಾಗುವುದು ಹೊಸತಲ್ಲ. ಯಾಕೆಂದು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ. ದಾರ ಸುತ್ತುವವಳಿಗೆ ನೇರವಾಗಿ ಬರುವುದು ಗೊತ್ತಿಲ್ಲ.

ನಮ್ಮದು ದೊಡ್ಡಬಳ್ಳಾಪುರ. ಮುಂದಿನ ಅಂಕಣದಲ್ಲಿ ಪವರ್‌ಲೂಮು, ಹಿಂದೆ ಅಡುಗೆಮನೆ, ನಡುವೆ ಉಳಿದ ಜಾಗದಲ್ಲಿ ನಾವು. ನನ್ನ ಗಂಡ ಮನೆ ಅಳಿಯನಾಗಿ ಬಂದು ಅಪ್ಪನ ಮಗ್ಗಗಳನ್ನು ನೋಡಿಕೊಂಡರು. ಮೋಟರು ಶುರುವಾಯಿತೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಈ ಬೀದಿಯಲ್ಲಿ ಗುಟ್ಟು ಹೇಳುವವರೂ ಕಿರುಚಿಯೇ ಹೇಳಬೇಕು, ಹಾಗಾಗಿ ಗುಟ್ಟುಗಳೆಲ್ಲ ಹೊಟ್ಟೆಯಲ್ಲೇ ಉಳಿಯುತ್ತವೆ.

ಟಿವಿಯೂ ಹಾಗೆಯೇ. ನಾವು ಧಾರಾವಾಹಿಯನ್ನು ನೋಡುತ್ತೇವೆ, ಕೇಳುವುದಿಲ್ಲ. ನಾನು ಕಂಡಿಕೆಗೆ, ಲಾಳಿಯೊಳಗಿನ ಆ ಸಣ್ಣ ಕೊಳವೆಗೆ, ದಾರ ಸುತ್ತುತ್ತಾ, ಸದ್ದೇ ಕೇಳಿಸದ ಟಿವಿಯಲ್ಲಿ ಎಷ್ಟೋ ಸಂಸಾರಗಳು ಒಡೆದು ಕೂಡುವುದನ್ನು ನೋಡಿದ್ದೇನೆ. ಯಾರು ಯಾರಿಗೆ ಏನಾಗಬೇಕು, ಯಾರ ಮನಸ್ಸಿನಲ್ಲಿ ವಿಷವಿದೆ ಅನ್ನುವುದೆಲ್ಲ ಮಾತಿಲ್ಲದೆ ತಿಳಿಯುತ್ತದೆ. ಕುಂಕುಮದ ತಟ್ಟೆ ಬಿದ್ದರೆ ಒಂದರ್ಥ, ದೀಪ ಆರಿದರೆ ಇನ್ನೊಂದು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಕಂಡರೆ, ಆ ಮನುಷ್ಯ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನನಗೆ ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ನನ್ನ ತಮ್ಮ ನಾಗುವಿನ ಓದು ಇದೇ. ಸಿನಿಮಾ ಟಿವಿಗಳಲ್ಲಿ ಒಂದು ವಸ್ತು, ಒಂದು ಬಣ್ಣ, ಒಂದು ಮುಖ ನೋಡುವವರಿಗೆ ಏನು ಅರ್ಥ ಕೊಡುತ್ತದೆ, ಹೇಗೆ ಕೊಡುತ್ತದೆ ಅಂತ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅವನು ಎಂ.ಎ.ಗೆ ಸೇರಿದಾಗ ಎದುರುಮನೆ ರತ್ನಕ್ಕ ಅವನನ್ನು ಹಿಡಿದು ನಿಲ್ಲಿಸಿದ್ದಳು.

"ಏನಪ್ಪಾ ನಾಗು, ಸಿನಿಮಾ ನೋಡೋಕೂ ಕಾಲೇಜಿಗೆ ಹೋಗ್ಬೇಕಾ? ಹಂಗಾದ್ರೆ ನಮ್ ಯಜಮಾನ್ರು ಇಷ್ಟೊತ್ತಿಗೆ ಪ್ರೊಫೆಸರ್ ಆಗಿರ್ಬೇಕಿತ್ತು."

"ಅವರು ನಿದ್ದೆ ಮಾಡ್ತಾರಲ್ಲ ರತ್ನಕ್ಕ. ಪಾಸಾಗಲ್ಲ" ಅಂದಿದ್ದ.

ಅವನು ಊರಿಗೆ ಬಂದಾಗ ನನ್ನ ಪಕ್ಕ ಕೂತು ಧಾರಾವಾಹಿ ನೋಡುತ್ತಿದ್ದ. ನಡುವೆ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದ: "ಇವಳು ಕೆಟ್ಟೋಳು ಅಂತ ಹೆಂಗ್ ಗೊತ್ತಾಯ್ತು ಅಕ್ಕ?" ನಾನು, "ಅವಳನ್ನ ಕೆಳಗಿಂದ ತೋರಿಸ್ತಾರೆ ನೋಡು, ಮೈಮೇಲೆ ಬಿದ್ದಂಗೆ" ಅನ್ನುತ್ತಿದ್ದೆ. ಅವನ ಮುಖ ಅರಳುತ್ತಿತ್ತು. ಅದು ಅವನ ಪುಸ್ತಕಗಳಲ್ಲೂ ಇದೆಯಂತೆ. ನನಗೆ ಹೆಮ್ಮೆಯೆನಿಸುತ್ತಿತ್ತು. ಹೆಮ್ಮೆಯ ಕೆಳಗೆ ಇನ್ನೊಂದು ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ನಾಗು ಅಂಬೆಗಾಲಿಡುತ್ತಿದ್ದಾಗ ಅಮ್ಮ ಹೋದಳು. ನಾನು ಆಗ ಏಳನೇ ಕ್ಲಾಸು. ನನ್ನನ್ನು ಶಾಲೆ ಬಿಡಿಸಿದವರು ಯಾರೂ ಇಲ್ಲ, ಹೋಗು ಎಂದವರೂ ಇಲ್ಲ. ಬೆಳಿಗ್ಗೆ ಎದ್ದರೆ ಮಗು ಅಳುತ್ತಿತ್ತು, ಕಂಡಿಕೆ ಖಾಲಿಯಾಗುತ್ತಿತ್ತು. ಹಾಗೇ ಆ ವರ್ಷದ ಪರೀಕ್ಷೆ ನನ್ನನ್ನು ಬಿಟ್ಟು ನಡೆದುಹೋಯಿತು.

ಅಪ್ಪ ತೀರಿಕೊಂಡ ಮೇಲೆ, ನಾಗು ಬೆಂಗಳೂರು ಸೇರಿದ ಮೇಲೆ, ನೇಕಾರರ ಬಗ್ಗೆ ಟಿವಿಗೆ ಕಾರ್ಯಕ್ರಮ ಮಾಡುತ್ತೇವೆಂದು ಒಂದು ತಂಡ ನಮ್ಮ ಬೀದಿಗೆ ಬಂತು. ಗಂಡ ನೇಯ್ದ ಸೀರೆ ಅಂಗಡಿಗೆ ಹಾಕಲು ಪೇಟೆಗೆ ಹೋಗಿದ್ದರು, ಮಗಳು ಶಾಲೆಗೆ. ತಂಡದ ಮುಖ್ಯಸ್ಥೆ ಬಹಳ ಮರ್ಯಾದೆಯ ಹೆಂಗಸು. ಒಳಗೆ ಬಂದು ಮಗ್ಗಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು.

"ಮಗ್ಗ ಇಲ್ವಾ ಅಮ್ಮ?"

"ಇದೇ ಮಗ್ಗ ಮೇಡಂ."

"ಇದಲ್ಲ. ಹಳೇದು. ಕೈದು."

ಕೈಮಗ್ಗ ಇರಲಿಲ್ಲ, ಅಟ್ಟದ ಮೇಲೆ ಅಜ್ಜಿಯ ಕಾಲದ, ದಾರ ಸುತ್ತುವ ರಾಟೆಯೊಂದು ಇತ್ತು. ಅದನ್ನು ಇಳಿಸಿದೆವು. ಪವರ್‌ಲೂಮುಗಳನ್ನು ನಿಲ್ಲಿಸಿ, ಅವು ಕಾಣದ ಹಾಗೆ ಬಟ್ಟೆ ಇಳಿಬಿಟ್ಟರು. ಕಿಟಕಿಯ ಬಿಸಿಲು ಕೋಲಿನ ಹಾಗೆ ಕಾಣಲಿ ಅಂತ ಸಾಂಬ್ರಾಣಿ ಹೊಗೆ ಹಾಕಿಸಿದರು. ನಾನು ಮೋಟರಿನಲ್ಲಿ ದಾರ ಸುತ್ತುವವಳು, ರಾಟೆ ತಿರುಗಿಸಲು ಬರುವುದಿಲ್ಲ. "ಬರೋ ಹಾಗೆ ಕೂತ್ಕೊಳ್ಳಿ, ಸಾಕು" ಅಂದರು. ಕೂತೆ. ನನ್ನ ಮನೆಯಲ್ಲಿ ನಾನೇ ನೆಂಟರ ಹಾಗೆ ಕೂತಿದ್ದೆ. ಆದರೂ ಒಂದು ತಮಾಷೆ ಹೇಳಬೇಕು. ಒಳಗೊಳಗೆ ಖುಷಿಯಾಗಿತ್ತು. ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿದ್ದದ್ದು ನನ್ನ ಮದುವೆಯ ದಿನ ಬಿಟ್ಟರೆ ಅವತ್ತೇ.

ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ನಾಗುವಿನ ಫೋಟೋ ಇತ್ತು. ಡಿಗ್ರಿ ಆದಾಗ ಕರಿ ಗೌನು ಹಾಕಿ ತೆಗೆಸಿದ್ದು, ನುಣ್ಣಗಿನ ಮುಖ. ಆ ಹೆಂಗಸು ಕ್ಯಾಮೆರಾದಲ್ಲಿ ನೋಡಿದರು, ಬಾಗಿಲ ಮೇಲಿದ್ದ ಅಪ್ಪನ ಫೋಟೋ ನೋಡಿದರು.

"ಇವರು ಯಾರು?"

"ನನ್ನ ತಮ್ಮ. ಬೆಂಗಳೂರಲ್ಲಿ ಓದ್ತಾನೆ."

"ಚೆನ್ನಾಗಿದೆ ಫೋಟೋ. ಆ ಹಾರ ಸ್ವಲ್ಪ ಹೊತ್ತು ಇದಕ್ಕೆ ಹಾಕ್ತೀರಾ ಅಮ್ಮ? ನೋಡೋಕೆ ಚೆನ್ನಾಗಿರುತ್ತೆ ಅಷ್ಟೆ. ಅವರು ಯಾರು, ಏನು ಅಂತ ನಾವೇನೂ ಹೇಳಲ್ಲ."

ಏನೂ ಹೇಳುವುದಿಲ್ಲ ಅಂದರು. ಹೇಳುವ ಅಗತ್ಯವಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಅಂತ ಮಕ್ಕಳೂ ಬಲ್ಲರು. ನಾನು ಸ್ಟೂಲು ಹತ್ತಿದೆ. ಅಪ್ಪನ ಕೊರಳಿನದನ್ನು ತೆಗೆದೆ. ನನ್ನ ಕೈಯಾರೆ ತಮ್ಮನಿಗೆ ಹಾಕಿದೆ. ಸೊಟ್ಟಗಿತ್ತು, ಸರಿಪಡಿಸಿದೆ ಕೂಡ. ಕೂತು ರಾಟೆಗೆ ಕೈ ಹಚ್ಚಿದರೆ ಕಣ್ಣಲ್ಲಿ ದಳದಳ ನೀರು. "ತುಂಬಾ ಚೆನ್ನಾಗಿ ಬಂತಮ್ಮ" ಅಂದರು.

ಅವರು ಹೋದ ಕೂಡಲೇ ಹಾರವನ್ನು ಅಪ್ಪನಿಗೆ ವಾಪಸು ಹಾಕಿದೆ. ತಮ್ಮನ ಫೋಟೋ ಇಳಿಸಿ, ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಗಂಡ ಕೇಳಿದಾಗ ಗಾಜು ಒಡೆಯಿತು ಅಂದೆ.

ಕಾರ್ಯಕ್ರಮ ಬಂದದ್ದು ಒಂದು ಭಾನುವಾರ. ನಮ್ಮ ಬೀದಿಯಲ್ಲಿ ಯಾರೂ ನೋಡಲಿಲ್ಲ. ಆದರೆ ಸಮೇತನಹಳ್ಳಿಯಿಂದ ನಮ್ಮ ಚಿಕ್ಕಮ್ಮ ಫೋನು ಮಾಡಿದಳು. ಹಲೋ ಅನ್ನುವ ಮೊದಲೇ ಅಳು.

"ನಾಗುಗೆ ಏನಾಯ್ತೇ? ನಮ್ಗೊಂದು ಮಾತು ಹೇಳ್ಬಾರ್ದಾ?"

"ಏನೂ ಆಗಿಲ್ಲ ಚಿಕ್ಕಮ್ಮ, ಚೆನ್ನಾಗಿದಾನೆ. ಅದು ಬೇರೆ ಯಾರದೋ ಮನೆ."

"ನಿನ್ನಂಗೇ ಇದ್ಲಲ್ಲೇ."

"ಇರ್ತಾರೆ."

ಫೋನಿಟ್ಟೆ. ಅವಳು ಅತ್ತದ್ದು ಸತ್ತವನಿಗಾಗಿ, ನಿಜವಾದ ಅಳು. ಬದುಕಿರುವವನಿಗಾಗಿ ಒಂದು ಮನೆಯಲ್ಲಿ ಸಾವಿನ ಅಳು ಬಿದ್ದಾಗಿತ್ತು. ಆಮೇಲಿನ ನನ್ನ ದಿನಗಳನ್ನು ಏನು ಹೇಳಲಿ. ನಾಗು ಬೈಕಿನಲ್ಲಿ ಹೊರಟೆ ಅಂದರೆ, ಬಂದು ತಲುಪುವ ತನಕ ನಾನು ನೀರು ಕುಡಿಯುತ್ತಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತದೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದೆ. ಒಂದು ಸಲ ಅವನಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತರೆ, ಗ್ಲೂಕೋಸಿನ ಪೈಪು ಕೊರಳ ಹತ್ತಿರ ಇಳಿಬಿದ್ದದ್ದು ನನಗೆ ಬೇರೆಯೇ ಆಗಿ ಕಂಡಿತು. ಅದನ್ನು ಎತ್ತಿ ಆಚೆ ಹಾಕಿದೆ. "ಅಕ್ಕ, ಅದು ಔಷಧಿ" ಅಂದ.

ಅದರ ಜೊತೆಗೆ ಇನ್ನೊಂದು ಭಯ ಬೆಳೆಯಿತು. ನಾಗು ಸಂಶೋಧನೆಗೆ ಆರಿಸಿಕೊಂಡ ವಿಷಯ, ಸಿನಿಮಾ ಟಿವಿಗಳಲ್ಲಿ ನೇಕಾರರ ಮನೆಯನ್ನು ಹೇಗೆ ತೋರಿಸುತ್ತಾರೆ ಅನ್ನುವುದು. "ಹಳೇದು ಹೊಸದು ಎಲ್ಲ ಒಟ್ಟು ಹಾಕ್ತಾ ಇದೀನಿ ಅಕ್ಕ, ಒಂದೂ ಬಿಡಲ್ಲ" ಅಂದಿದ್ದ. ಒಂದೂ ಬಿಡುವುದಿಲ್ಲ. ಅಂದರೆ ಹುಡುಕುತ್ತಾ ಹುಡುಕುತ್ತಾ ಅವನು ತನ್ನ ಸಾವಿನ ಹತ್ತಿರಕ್ಕೇ ಬರುತ್ತಿದ್ದಾನೆ ಅಂತ ನನಗನ್ನಿಸುತ್ತಿತ್ತು.

ಹೋದ ತಿಂಗಳು ನಮ್ಮೂರಿನ ಕಾಲೇಜಿನಲ್ಲಿ ಮಾತಾಡಲು ಅವನನ್ನು ಕರೆದರು. ನಾನೂ ಬರುತ್ತೇನೆ ಅಂದೆ. "ಬೇಡ ಅಕ್ಕ, ನಿಂಗೆ ಬೋರಾಗುತ್ತೆ" ಅಂದ. ಅಂದ ರೀತಿ ನನಗೆ ಚುಚ್ಚಿತು. ಓದಿಲ್ಲದ ಅಕ್ಕ ಎಂದು ನಾಚಿಕೆಯೇನೋ ಅಂದುಕೊಂಡು, ಒಳ್ಳೆಯ ಸೀರೆ ಉಟ್ಟು, ತಡವಾಗಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಕಾಲೇಜು ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಆಗಲೇ ಕಿಟಕಿ ಮುಚ್ಚಿ ಕತ್ತಲೆ ಮಾಡಿದ್ದರು.

ಪರದೆಯ ಮೇಲೆ ಹೊಗೆ. ಬಿಸಿಲಿನ ಕೋಲು. ರಾಟೆ. ನಾನು.

ಓಡಬೇಕು ಅನ್ನಿಸಿತು. ನಾಗು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಕೇಳಿದ: "ಗೋಡೆ ಮೇಲೆ ಏನಿದೆ?"

"ಫೋಟೋ ಸರ್. ತೀರ್ಕೊಂಡಿದಾರೆ" ಅಂದಳು ಒಬ್ಬ ಹುಡುಗಿ.

"ಯಾರು ಹೇಳಿದ್ರು?"

"ಹಾರ ಇದೆಯಲ್ಲ ಸರ್."

"ಮತ್ತೆ?"

"ಆಯಮ್ಮ ಅಳ್ತಾ ಇದಾರಲ್ಲ. ಅಕ್ಕನೋ ತಾಯಿನೋ ಇರ್ಬೇಕು. ನಿಜವಾದ ಅಳು ಸರ್ ಅದು, ನೋಡಿದ್ರೆ ಗೊತ್ತಾಗುತ್ತೆ."

ಗಡ್ಡ, ಕನ್ನಡಕದ ನಾಗು ಆ ನುಣ್ಣಗಿನ ಮುಖದ ಪಕ್ಕದಲ್ಲೇ ನಿಂತಿದ್ದ. ಯಾರೂ ಗುರುತಿಸಲಿಲ್ಲ. ಅವನು ಏನೋ ಹೇಳಲು ತಿರುಗಿದ, ಕೊನೆಯ ಬೆಂಚಿನಲ್ಲಿ ನನ್ನನ್ನು ಕಂಡ. ಆಮೇಲೆ, "ಸರಿ. ಮುಂದಿನದು ನೋಡೋಣ" ಅಂದು ಚಿತ್ರ ಬದಲಿಸಿದ.

ಮನೆಗೆ ನಡೆದೇ ಬಂದೆವು. ಬೈಕನ್ನು ತಳ್ಳಿಕೊಂಡು ಬಂದ. ದಾರಿಯುದ್ದಕ್ಕೂ ಎರಡೂ ಕಡೆ ಮಗ್ಗದ ಸದ್ದು, ಹಾಗಾಗಿ ಮಾತಿಲ್ಲದಿದ್ದರೂ ನಡೆಯುತ್ತಿತ್ತು. ಕೆರೆ ಕಡೆಯ ತಿರುವಿನಲ್ಲಿ ಸ್ವಲ್ಪ ಸದ್ದು ಕಡಿಮೆಯಾದಾಗ ಕೇಳಿದೆ.

"ಯಾವಾಗ ಸಿಕ್ತು ನಿಂಗೆ?"

"ಆಗ್ಲೇ ಸಿಕ್ತು. ಡೆಂಗಿ ಬರೋಕೂ ಮುಂಚೆ."

"ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ, ಅದೇ ಭಯ ನಂಗೆ" ಅಂದ. ಸ್ವಲ್ಪ ದೂರ ಬೈಕು ತಳ್ಳಿ ನಿಂತ. "ಹೊಗೆ ಯಾಕೆ, ರಾಟೆ ಯಾಕೆ, ಹಾರ ಯಾಕೆ ಎಲ್ಲ ಬರ್ದಿದೀನಿ ಅಕ್ಕ. ಅದು ನನ್ನ ಕೆಲಸ. ನಮ್ಮನೆ ಅಂತ ಮಾತ್ರ ಎಲ್ಲೂ ಬರೀಲಿಲ್ಲ. ಒಂದೇ ಒಂದು ನಂಗೆ ಓದೋಕೆ ಬರ್ತಿಲ್ಲ. ಯಾಕ್ ಅಳ್ತಿದ್ದೆ?"

"ಸಾಂಬ್ರಾಣಿ ಹೊಗೆ ಕಣೋ" ಅಂದೆ.

ಅವನು ನನ್ನ ಮುಖವನ್ನು ನೋಡಿದ, ಅವತ್ತು ಧಾರಾವಾಹಿಯಲ್ಲಿ ಆ ಕೆಟ್ಟವಳನ್ನು ನೋಡುತ್ತಿದ್ದನಲ್ಲ, ಹಾಗೆ. "ಸರಿ" ಅಂದ. ಬೈಕು ಹತ್ತಿ ಬೆಂಗಳೂರಿಗೆ ಹೋದ. ಆಮೇಲೆ ಫೋನಿನಲ್ಲಿ ಊಟ, ಮಳೆ, ಅಷ್ಟೇ ಮಾತು.

ಹೊಗೆಯಲ್ಲ. ಹಾರವನ್ನು ಸರಿಪಡಿಸುತ್ತಾ ಸ್ಟೂಲಿನ ಮೇಲೆ ನಿಂತಿದ್ದಾಗ, ಅವನ ಕರಿ ಗೌನಿನ ಮೇಲೆ ಕೈ ಇತ್ತು. ಆಗ ಒಳಗೆ ಒಂದು ದನಿ, ಇವನು ಇಲ್ಲದೇ ಹೋಗಿದ್ದರೆ ಈ ಗೌನು ನಿನ್ನದಾಗುತ್ತಿತ್ತು, ಅಂದಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಆ ಹಾರ ಅವನ ಕೊರಳಲ್ಲಿ ಹಾಗೇ ಇರಲಿ ಅಂತ ನಾನು ಬಯಸಿದೆ. ನನ್ನ ಎದೆಯ ಮೇಲೆ ಮಲಗಿಸಿ ಬೆಳೆಸಿದ ಕೂಸು. ಬಯಸಿದವಳು ನಾನೇ ಅಂತ ತಿಳಿದಾಗ ಕೆಳಗಿಳಿದು ಕೂತೆ, ಅತ್ತೆ. ಹಾರಕ್ಕೆ ನಾನು ಇಷ್ಟು ವರ್ಷ ಹೆದರಿದ್ದು ಅದಕ್ಕೇ. ಹಾರ ಹಾಕಿದ್ದು ಕ್ಯಾಮೆರಾದವರ ಮಾತಿಗೆ ಮಾತ್ರವಲ್ಲ.

ಮಗಳು ಈಗ ಹಾರ ಒರೆಸಿ ಅಪ್ಪನ ಫೋಟೋಗೆ ಹಾಕಿದಳು. ನಾನು ಪೆಟ್ಟಿಗೆ ತೆಗೆದು, ಸೀರೆ ಬಿಚ್ಚಿ, ನಾಗುವಿನ ಫೋಟೋವನ್ನು ಹಳೆಯ ಮೊಳೆಗೇ ತೂಗುಹಾಕಿದೆ. "ಗಾಜು ಒಡೆದಿಲ್ವಲ್ಲಮ್ಮ" ಅಂದಳು ಮಗಳು. ಒಡೆದಿಲ್ಲ ಅಂದೆ.

ಅಪ್ಪನಿಗೆ ಎಡೆ ಇಡಲು ಮಗನೇ ಬರಬೇಕು. ನಾಗು ಹೊರಟಿದ್ದಾನಂತೆ. ಇವತ್ತೂ ನೀರು ಕುಡಿದಿಲ್ಲ ನಾನು. ಆದರೆ ಇವತ್ತು ಹೆದರಿಕೆ ರಸ್ತೆಯದ್ದಲ್ಲ. ಅವನು ಬಂದು ಕೂತ ಮೇಲೆ ಆ ಪ್ರಶ್ನೆಗೆ ಉತ್ತರ ಹೇಳಬೇಕು. ಹಿರಿಯರ ದಿನವೆಂದು ಬೀದಿಯಲ್ಲಿ ಎಲ್ಲರೂ ಮಗ್ಗ ನಿಲ್ಲಿಸಿದ್ದಾರೆ. ಇಷ್ಟು ನಿಶ್ಶಬ್ದ ಈ ಮನೆಗೆ ಒಗ್ಗಿಲ್ಲ. ಎಷ್ಟು ಮೆಲ್ಲಗೆ ಹೇಳಿದರೂ ಅವನಿಗೆ ಕೇಳಿಸಿಬಿಡುತ್ತದೆ.