ಅಡ್ಡ ಮಲಗಿದ ಕಿಟಕಿ

ಟಣ್, ಟಣ್, ಆಮೇಲೆ ಒಂದು ಮೆತ್ತನೆಯ ಟಪ್. ಎಂಬತ್ತರ ದಶಕದ ನಮ್ಮ ಗೋರೆಗಾಂವ್ ಮನೆಯೆಂದರೆ ನನ್ನ ಕಿವಿಗೆ ಇದೇ. ಸೊಟ್ಟಗಾದ ಹಳೆಯ ಮೊಳೆಗಳನ್ನು ನಮ್ಮತ್ತೆ ಹೊಸಿಲ ಕಲ್ಲಿನ ಮೇಲಿಟ್ಟು, ಎಲೆಅಡಿಕೆ ಕುಟ್ಟಾಣಿಯ ಕಬ್ಬಿಣದ ತುಂಡಿನಿಂದ ನೇರ ಮಾಡುತ್ತಿದ್ದರು. ಟಪ್ ಎಂದರೆ ಏಟು ಬೆರಳಿಗೆ ಬಿತ್ತೆಂದು ಅರ್ಥ. ಇವತ್ತು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿನವರು ಬಂದು ಗೋಡೆಗೆ ಸುತ್ತಿಗೆ ತಟ್ಟಿದರು ನೋಡಿ, ಎಲ್ಲ ಒಟ್ಟಿಗೇ ಎದ್ದು ಬಂತು.

ಗ್ರೌಂಡ್ ಫ್ಲೋರಿನಲ್ಲಿ ಒಂದು ರೂಮು, ಒಂದು ಕಿಚನ್, ಪುಟ್ಟದೊಂದು ತೆರೆದ ಬಾಲ್ಕನಿ. ಮೈಸೂರಿನಿಂದ ಬಂದ ಅತ್ತೆಗೆ ಮಲಗಲು ಗ್ಯಾಸ್ ಸಿಲಿಂಡರಿನ ಪಕ್ಕವೇ ಜಾಗ. ಹಿಂದಿ ಬಾರದು, ಮರಾಠಿ ಬಾರದು.

"ಸಿಲಿಂಡರಿಗೂ ನನಗೂ ಮಾತು ಮುಗೀತು ಕಣೇ. ದೀಪಾವಳಿ ಕಳೀಲಿ, ಮೈಸೂರಿಗೆ ಟಿಕೆಟ್ ತೆಗೆಸಿಬಿಡು," ಎಂದರು.

ನನಗೋ ಅವರನ್ನು ಬಿಡಲು ಸುತರಾಂ ಮನಸ್ಸಿಲ್ಲ. ತಾಯಿಯಿಲ್ಲದೆ, ಕಾನ್ವೆಂಟ್ ಬೋರ್ಡಿಂಗಿನಲ್ಲಿ ಎಲ್ಲದಕ್ಕೂ ಪ್ಲೀಸ್, ಥ್ಯಾಂಕ್ಯೂ ಹೇಳಿಕೊಂಡು ಬೆಳೆದವಳು ನಾನು. ತಲೆ ಬಾಚುತ್ತಾ ಬಾಯ್ತುಂಬ ಬೈಯುವವರು ಸಿಕ್ಕಿದ್ದೇ ಮದುವೆಯಾದ ಮೇಲೆ! ಬಾಲ್ಕನಿಗೊಂದು ಕಿಟಕಿ ಇಟ್ಟು ಮುಚ್ಚಿದರೆ ನಿಮ್ಮದೇ ರೂಮಾಗುತ್ತದೆ ಎಂದೆ.

"ಹಾಗಾದ್ರೆ ಹಳೇ ಮರ ತಾ. ಹಳೇ ತೇಗ ಬಾಗಲ್ಲ, ನನ್ನ ಹಾಗೆ," ಎಂದವರು ಅಲ್ಲೇ ಕೈಚಾಚಿ ಅಳೆದರು. "ಎತ್ತರ ಮೂರು ಮೊಳ. ಮರೀಬೇಡ."

ಕಾಂದಿವಲಿಯಲ್ಲಿ ಹಳೆಯ ಬಂಗಲೆಯೊಂದನ್ನು ಒಡೆಯುತ್ತಿದ್ದರು. ಭಾನುವಾರ ನಮ್ಮವರನ್ನು ಎಳೆದುಕೊಂಡು ಓಡಿದೆ. ಇಟ್ಟಿಗೆ ರಾಶಿಗೆ ಒರಗಿಕೊಂಡು ನಿಂತಿತ್ತು, ಎರಡು ರೆಕ್ಕೆಯ ತೇಗದ ಕಿಟಕಿ, ಕೆಂಪು ಹಸಿರು ಗಾಜು. ಓ ಮೈ ಗಾಡ್! ಮೊಳ ಹಾಕಿದೆ. ಸರಿಯಾಗಿ ಮೂರು! ಜೊತೆಗೆ ಹಲಗೆ, ಕೈಚೀಲದ ತುಂಬ ಸೊಟ್ಟ ಮೊಳೆ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಕಿಟಕಿಯ ಚೌಕಟ್ಟಿನೊಳಗೆ ನಾವಿಬ್ಬರೂ ಫೋಟೋದಂತೆ ನಿಂತೆವು.

"ಖಿಡಕೀ ಆಲೀ, ಘರ್ ಕುಠೆ ಆಹೆ?" ಕಿಟಕಿ ಬಂತು, ಮನೆಯೆಲ್ಲಿ ಎಂದು ಮೀನು ಬುಟ್ಟಿಯ ಹೆಂಗಸೊಬ್ಬಳು ಕೇಳಿದಾಗ ಡಬ್ಬಿಯೆಲ್ಲ ನಕ್ಕಿತು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆಗೆ ತಂದು ನಿಲ್ಲಿಸಿದರೆ, ಒಂದು ಗೇಣು ಉದ್ದ! ಅತ್ತೆಯ ಮೊಳ ಕುಳ್ಳು, ನನ್ನದು ನೀಳ.

"ಕಾನ್ವೆಂಟಿನಲ್ಲಿ ಸ್ಕೇಲ್ ಅಂತ ಒಂದು ವಸ್ತು ತೋರಿಸಲಿಲ್ವೇನೆ?" ಎಂದರು ನಮ್ಮವರು. ನನ್ನ ಕಣ್ಣಲ್ಲಿ ಮೈಸೂರಿನ ಟಿಕೆಟ್ಟೇ ಕುಣಿಯುತ್ತಿತ್ತು.

"ಸುಮ್ನಿರೋ," ಎಂದರು ಅತ್ತೆ. "ನಿಂತ್ಕೊಂಡ್ರೆ ಹಿಡಿಸದೇ ಇರೋದು ಮಲಗಿದ್ರೆ ಹಿಡಿಸತ್ತೆ. ನನ್ನ ಅಲ್ಲಿ ಮಲಗಿಸಿಲ್ವೆ, ಸಿಲಿಂಡರ್ ಪಕ್ಕ?"

ಕಿಟಕಿಯನ್ನು ಅಡ್ಡ ಮಲಗಿಸಿ, ಸಂದಿಗೆ ಹಲಗೆ ಹೊಡೆದೆವು. ಅತ್ತೆ ನೆಟ್ಟಗೆ ಮಾಡಿದ ಮೊಳೆಗಳು ಎಷ್ಟು ಚೆನ್ನಾಗಿ ಇಳಿದವು! ಆದರೆ ಈಗ ಒಂದು ರೆಕ್ಕೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ ತೆರೆಯುತ್ತಿತ್ತು. ಮೇಲಿನದಕ್ಕೆ ಕೋಲು ಕೊಟ್ಟು, ಕೆಳಗಿನದನ್ನು ಸರಪಳಿಗೆ ತೂಗಿಬಿಟ್ಟಾಗ ಅದು ಥೇಟ್ ಗೂಡಂಗಡಿ. ಮರುದಿನವೇ ದಾರಿಹೋಕನೊಬ್ಬ ಬಂದು, "ಆಜಿ, ಬೀಡಿ ಹೈ?" ಎಂದ.

"ನೈ! ಬಾತ್ ಹೈ!" ಎಂದರು ಅತ್ತೆ, ಎಲ್ಲಿ ಕಲಿತರೋ. ಮಾತು ಮಾತ್ರ ಇದೆಯಂತೆ! ಅವತ್ತಿನಿಂದ ಹಾಲಿನವಳು, ಪೋಸ್ಟ್‌ಮನ್, ಮೇಲಿನ ಮನೆಯ ಗುಜರಾತಿ ಬೆನ್ ಎಲ್ಲರೂ ಆ ಹಲಗೆಗೆ ಮೊಣಕೈ ಊರಿ ನಿಂತು ಹೋಗುವವರೇ. ದೀಪಾವಳಿ ಕಳೆಯಿತು, ಟಿಕೆಟ್ಟಿನ ಸುದ್ದಿಯೇ ಇಲ್ಲ.

ಕಟ್ಟಡದ ಜೊತೆ ಆ ಕಿಟಕಿಯೂ ಹೋಗಲಿ ಎಂದು ನಿನ್ನೆಯವರೆಗೂ ಅಂದುಕೊಂಡಿದ್ದೆ. ಈ ಸುತ್ತಿಗೆ ಸದ್ದು ಕೇಳಿದ ಮೇಲೆ ಮೊಳೆ ಕೀಳುವ ಇಕ್ಕಳ ಹುಡುಕಿಕೊಂಡು ಎದ್ದೆ.

"ಆಂಟಿ, ಯೇ ತೋ ಉಲ್ಟಾ ಲಗಾ ಹೈ," ಎಂದ ಬಂದವರಲ್ಲೊಬ್ಬ.

"ಸೀಧಾ ಹೈ," ಎಂದೆ. "ಹೊಸ ಫ್ಲಾಟಿನಲ್ಲೂ ಹೀಗೇ ಇರುತ್ತೆ."

ಅತ್ತೆಯನ್ನು ನಾನು ಕೊನೆಯದಾಗಿ ಜೀವಂತ ನೋಡಿದ್ದು ಆ ಕಿಟಕಿಯೊಳಗೇ. ಅವತ್ತು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಯಾರೋ ರೆಕ್ಕೆ ಇಳಿಸಿದ್ದರು. ಆದರೆ ಅದೇ ದಿನ ಬೆಳಿಗ್ಗೆ, ಸ್ಟೇಷನ್ನಿಗೆ ಓಡುತ್ತಿದ್ದವಳನ್ನು ನಿಲ್ಲಿಸಿ, ಮರೆತ ಕೊಡೆಯನ್ನು ಕೆಂಪು ಹಸಿರು ಬೆಳಕಿನಿಂದ ಚಾಚಿ, "ಇನ್ನೇನು ಕೊಡ್ಲಿ ಮೇಡಂ?" ಎಂದಿದ್ದರು.

"ಕಾಲು ಕಿಲೋ ಬೈಗುಳ," ಎಂದೆ.

"ತಲೆ ಕೆದರ್ಕೊಂಡು ಹೊರಟಿದೀಯಲ್ಲೇ, ಮಹರಾಯ್ತಿ! ತಗೋ, ಕೊಸರೂ ಸೇರಿಸಿದೀನಿ, ಓಡು."