ಪಟ್ಟಿಯಕ್ಕನ ಅರವತ್ತಮೂರು ಹೆಸರು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎನ್ನುತ್ತಿದ್ದರು. ಹದಿನಾಲ್ಕು ವರ್ಷದ ಕೆಲಸ. ಯಾವ ರೋಗಿಯ ವಿವರ ಕೇಳಿದರೂ ಲೋಟದ ಚಹಾ ಆರುವುದರೊಳಗೆ ತೆಗೆದುಕೊಡುತ್ತಿದ್ದಳು.

ಅವತ್ತು ಔಷಧ ವಿಭಾಗದಿಂದ ಸುದ್ದಿ ಬಂತು. ಒಂದು ಬ್ಯಾಚಿನ ಇಂಜೆಕ್ಷನ್ ಕೆಟ್ಟಿದೆ, ಚುಚ್ಚಿಸಿಕೊಂಡು ಮನೆಗೆ ಹೋದವರನ್ನು ಕೂಡಲೇ ವಾಪಸು ಕರೆಸಬೇಕು. ಡೇಟಾಬೇಸಿನಲ್ಲಿ ಕಾಯಂ ಟೇಬಲ್, ಅಂದರೆ ಅಳಿಯದೆ ಉಳಿಯುವ ಪಟ್ಟಿ, ಮಾಡುವ ಅಧಿಕಾರ ಅವಳಿಗಿರಲಿಲ್ಲ. ತಾತ್ಕಾಲಿಕ ಟೇಬಲ್ ಒಂದನ್ನು ಮಾಡಿ, ಊಟ ಬಿಟ್ಟು, ಹೆಸರು ಹೆಕ್ಕಿ ತುಂಬಿದಳು. ಮೂರು ಗಂಟೆಗೆ ಅರವತ್ತಮೂರಾಯಿತು. ಅಷ್ಟರಲ್ಲಿ ಮನೆಯಿಂದ ಫೋನು: ಅತ್ತೆ ಬಚ್ಚಲಲ್ಲಿ ಜಾರಿಬಿದ್ದಿದ್ದಾರೆ.

ಚಪ್ಪಲಿ ಮೆಟ್ಟುತ್ತಲೇ ಮೇಲ್ವಿಚಾರಕರ ಬಾಗಿಲಲ್ಲಿ ನಿಂತಳು. "ಸಾರ್, ಪಟ್ಟಿ ನನ್ನ ಕಂಪ್ಯೂಟರಲ್ಲಿ ಮಾತ್ರ ತೆರೆಯುತ್ತೆ. ಅಲ್ಲೇ ಕೂತು ಪ್ರಿಂಟ್ ತಗೊಳ್ಳಿ. ಕಂಪ್ಯೂಟರ್ ಆಫ್ ಮಾಡಿದ್ರೆ ಎಲ್ಲಾ ಅಳಿಸಿಹೋಗುತ್ತೆ."

"ಆಯ್ತಮ್ಮ, ನೀನು ಹೊರಡು."

ಅವರು ಕುರ್ಚಿ ಬಿಟ್ಟೇಳಲಿಲ್ಲ. ಇರುವ ಟೇಬಲ್‌ಗಳ ಹೆಸರೆಲ್ಲ ಸಿಗುವ ಸಿಸ್ಟಮ್ ಕ್ಯಾಟಲಾಗನ್ನು ತಮ್ಮ ಕಂಪ್ಯೂಟರಿನಲ್ಲೇ ತೆರೆದರು. ಅವಳ ಟೇಬಲಿನ ಹೆಸರು ಅಲ್ಲಿತ್ತು. ಅಷ್ಟು ಸಾಕಾಯಿತು. ಪಟ್ಟಿ ಸಿದ್ಧವಿದೆ ಎಂದು ದೊಡ್ಡ ಡಾಕ್ಟರಿಗೆ ತಿಳಿಸಿ, ಉಳಿದದ್ದನ್ನು ನಾಳೆಗೆ ಹಾಕಿದರು. ಐದಕ್ಕೆ ಜವಾನ ಎಂದಿನಂತೆ ಎಲ್ಲ ಕಂಪ್ಯೂಟರ್ ಆರಿಸಿದ.

ಬೆಳಿಗ್ಗೆ ಅವಳು ವಾಪಸು ಬಂದಾಗ ಕ್ಯಾಟಲಾಗಿನಲ್ಲಿ ಆ ಹೆಸರೂ ಇರಲಿಲ್ಲ.

"ಇತ್ತಲ್ಲಮ್ಮ! ಕಣ್ಣಾರೆ ನೋಡಿದ್ದೀನಿ!"

"ಹೆಸರಿತ್ತು ಸಾರ್. ಒಳಗಿನ ಜನ ನನಗೆ ಮಾತ್ರ ಕಾಣ್ತಿದ್ರು."

ಜಗಳಕ್ಕೆ ಪುರುಸೊತ್ತಿರಲಿಲ್ಲ. ಮತ್ತೆ ಮೊದಲಿನಿಂದ ಹೆಕ್ಕಿದಳು, ತಾನೇ ಫೋನು ಹಚ್ಚಿದಳು. ಹತ್ತೊಂಬತ್ತನೆಯವನು ಬಸ್ ಡ್ರೈವರ್. ಎತ್ತಿಕೊಂಡದ್ದು ಹೆಂಡತಿ.

"ಅವರು ಬೆಳಗಿನ ಜಾವ ತೀರಿಹೋದ್ರು. ನೀವ್ಯಾರು?"

ಪಟ್ಟಿಯಕ್ಕ ಫೋನು ಇಟ್ಟಳು. ಇಪ್ಪತ್ತನೆಯ ನಂಬರ್ ಒತ್ತಿದಳು. ಉಳಿದ ಅರವತ್ತೆರಡೂ ಜನ ಸಂಜೆಯೊಳಗೆ ಬಂದು ಸೇರಿದರು.

ವಿಚಾರಣೆಯಲ್ಲಿ ಮೇಲ್ವಿಚಾರಕರು, ಅವಳು ಹೇಳದೆ ಕೇಳದೆ ಎದ್ದುಹೋದಳೆಂದು ಬರೆದುಕೊಟ್ಟರು. ಅವಳು ಬಾಗಿಲಲ್ಲಿ ನಿಂತು ಮಾತಾಡಿದ್ದನ್ನು ದೂರದಿಂದ ಕಂಡಿದ್ದ ಜವಾನ ನೆಲ ನೋಡುತ್ತ ನಿಂತ. ಅವಳ ಕೆಲಸ ಹೋಯಿತು.

ತಿಂಗಳಾದ ಮೇಲೆ ಡ್ರೈವರನ ಮನೆ ಹುಡುಕಿಕೊಂಡು ಹೋಗಿ, ಹೊಸ್ತಿಲಾಚೆ ನಿಂತೇ ನಡೆದದ್ದನ್ನೆಲ್ಲ ಹೇಳಿದಳು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಹಿಂದಿನ ದಿನವೇ ಫೋನ್ ಬಂದಿದ್ರೆ ಉಳೀತಿದ್ರಾ ಅಕ್ಕಾ?"

"ಉಳೀತಿದ್ರೇನೋ ತಾಯಿ."

ಆ ಹೆಂಗಸು ಬೈಯಲಿಲ್ಲ, ಅಳಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ.